ಫ್ರೇಮಣ್ಣನ ಹಿಂದೆ ಯಾರೂ ಇಲ್ಲ

ಗ್ರಂಥಾಲಯದ ಹೊರಗೋಡೆಗೆ ಒಂದು ಕರಿಹಲಗೆ ಇತ್ತು. ವರ್ಷದ ಬಹುಪಾಲು ಅದರ ಮೇಲೆ "ಮೌನವಾಗಿರಿ" ಎಂದಷ್ಟೇ ಬರೆದಿರುತ್ತಿತ್ತು. ಬೀದಿಯಲ್ಲಿ ಹೋಗುವವರು ಕೂಡ ಅದನ್ನು ಓದಿ ಕಾರಣವಿಲ್ಲದೆ ದನಿ ತಗ್ಗಿಸುತ್ತಿದ್ದರು. ಕಡಲು ಶಾಂತವಾಗಿ ಗಾಳಿ ಹದಕ್ಕೆ ಬಂದ ಮೇಲೆ ಊರಿನ ಕಲಾ ಮತ್ತು ವಿಹಾರ ಸಮಿತಿಯವರು ಬಂದು ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, "ಮುಂಬರುವ ಕಾರ್ಯಕ್ರಮಗಳು" ಎಂದು ಬರೆದು, ಕೆಳಗೆ ಎರಡು ಗೆರೆ ಎಳೆಯುತ್ತಿದ್ದರು. ಆಗ ಊರಿಗೆ ಒಂದು ಕಳೆ ಬರುತ್ತಿತ್ತು.

ಆ ವರ್ಷವೂ ಬರೆದರು. ದಂಡೆಯ ಮೇಲೆ ಕೂತು ಅಲೆಗಳ ಚಿತ್ರ ಬಿಡಿಸುವ ಸ್ಪರ್ಧೆ, ಅಲೆಗಳು ನಿಲ್ಲದಿದ್ದರೆ ಸಮಿತಿ ಹೊಣೆಯಲ್ಲ. ದುರ್ಬೀನಿನಲ್ಲಿ ಹಕ್ಕಿ ನೋಡುವುದು, ದುರ್ಬೀನು ಒಂದೇ ಇರುವುದರಿಂದ ಸರದಿಯಲ್ಲಿ. ದೀಪಸ್ತಂಭದ ಇತಿಹಾಸದ ಬಗ್ಗೆ ಅಧ್ಯಕ್ಷರ ಉಪನ್ಯಾಸ, ಹೋದ ವರ್ಷದ್ದೇ. ಎಲ್ಲಕ್ಕಿಂತ ಕೆಳಗೆ, ಎಲ್ಲರೂ ಕಾಯುತ್ತಿದ್ದ ಬಂಡೆಯ ನಡಿಗೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗಿತ್ತು: "ಕೊನೆಯ ಮನುಷ್ಯ: ಫ್ರೇಮಣ್ಣ. ಇನ್ನೊಮ್ಮೆ."

ಜನ ಹಕ್ಕಿಯನ್ನೂ ದೀಪಸ್ತಂಭವನ್ನೂ ಬಿಟ್ಟು ಈ ಒಂದು ಸಾಲಿನ ಮುಂದೆ ಗುಂಪುಗೂಡಿದರು.

"ಇನ್ನೊಮ್ಮೆಯಾ?" ಎಂದಳು ಹೊಲಿಗೆಯವಳು.

"ಮಾವ ಒಬ್ಬರೇ ಅಲ್ವಾ ಅವನಿಗೆ ಇರೋದು?" ಎಂದ ಬೇಕರಿಯವನು. "ಹೋದ ಸಲ ಹೇಗೋ ವಾಪಸ್ ಸಿಕ್ಕಿದ್ರು."

ಚಿತ್ರಗಳಿಗೆ ಚೌಕಟ್ಟು ಹಾಕುವ ಫ್ರೇಮಣ್ಣ ಅಲ್ಲೇ ಹಿಂದೆ ನಿಂತಿದ್ದ. ಅವನು ಕೆಮ್ಮಿದ. ಎಲ್ಲರೂ ತಿರುಗಿ ನೋಡಿ, ಬಹಳ ಗೌರವದಿಂದ ದಾರಿ ಬಿಟ್ಟರು.

ಈಗ ಕೊನೆಯ ಮನುಷ್ಯ ಎಂದರೆ ಯಾರು ಎಂಬುದನ್ನು ಹೇಳಲೇಬೇಕು. ಕಡಲು ಇಳಿದಾಗ ದಂಡೆಯಿಂದ ಕಪ್ಪು ಬಂಡೆಯವರೆಗೆ ಮರಳಿನ ಒಂದು ದಾರಿ ತೆರೆದುಕೊಳ್ಳುತ್ತಿತ್ತು. ಜೀವಶಾಸ್ತ್ರದ ಟೀಚರ್ ಮುಂದೆ ನಡೆದು ಏಡಿ, ಚಿಪ್ಪು, ನಕ್ಷತ್ರಮೀನುಗಳ ವಿಷಯ ಹೇಳುತ್ತಿದ್ದರು. ಜನ ಅವರ ಹಿಂದೆ. ಜನರ ಹಿಂದೆ, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಕೊರಳಲ್ಲಿ ಸೀಟಿ ತೂಗಿಸಿಕೊಂಡು ಒಬ್ಬ ಬರಬೇಕು. ಅವನಿಗಿದ್ದ ನಿಯಮ ಒಂದೇ: ಅವನ ಹಿಂದೆ ಯಾರೂ ಇರಕೂಡದು. ಯಾರಾದರೂ ನಿಂತರೆ ಅವನೂ ನಿಲ್ಲಬೇಕು, ಕೂತರೆ ಕಾಯಬೇಕು. ನೀರು ಮತ್ತೆ ಏರುವ ಮೊದಲು ಎಲ್ಲರನ್ನೂ ತನ್ನ ಮುಂದೆ ಹಾಕಿಕೊಂಡು ದಂಡೆ ಸೇರಿಸಬೇಕು.

ಹೋದ ವರ್ಷ ಈ ಜಾಕೆಟ್ ಮೊದಲ ಬಾರಿಗೆ ಫ್ರೇಮಣ್ಣನ ಪಾಲಿಗೆ ಬಂದಾಗ ಅವನು ಅದನ್ನು ಮನೆಯಲ್ಲಿ ಹಾಗೆ ಹೇಳಿರಲಿಲ್ಲ. "ಹಿಂಬದಿಯ ಮುಖ್ಯಸ್ಥ ಅಂತ ಮಾಡಿದ್ದಾರೆ," ಎಂದಿದ್ದ. ಹೆಂಡತಿ ಸಂತೋಷಪಟ್ಟಳು. ಮಾವ ಮಾತ್ರ ಪತ್ರಿಕೆಯಿಂದ ತಲೆಯೆತ್ತಿ, "ಅಂದ್ರೆ ಗಾರ್ಡು," ಎಂದು ಮತ್ತೆ ತಲೆ ತಗ್ಗಿಸಿದರು.

ಮಾವ ಹಾಗೆನ್ನಲು ಅಧಿಕಾರವಿದ್ದವರು. ಜೀವಮಾನವಿಡೀ ರೈಲಿನ ಗಾರ್ಡಾಗಿ ಕೊನೆಯ ಡಬ್ಬಿಯಲ್ಲಿ ಪ್ರಯಾಣ ಮಾಡಿದವರು. ನಿವೃತ್ತರಾಗಿ ಮಗಳ ಮನೆಗೆ ಬಂದ ಮೇಲೆ ಅದಕ್ಕೆ ಸರಿಯಾದ ಸೇಡು ತೀರಿಸಿಕೊಂಡರು: ಎಲ್ಲಿಗೆ ಹೊರಟರೂ ತಾವೇ ಮುಂದೆ. ಪ್ರತಿ ಸಂಜೆ ಚೌಕಟ್ಟಿನ ಅಂಗಡಿ ಮುಚ್ಚಿದ ಮೇಲೆ ಮಾವ ಅಳಿಯ ಇಬ್ಬರೂ ಗ್ರಂಥಾಲಯದವರೆಗೆ ನಡೆಯುತ್ತಿದ್ದರು. ಮಾವ ಕೈಯನ್ನು ಬೆನ್ನ ಹಿಂದೆ ಕಟ್ಟಿ, ರೈಲಿನ ಕಥೆ ಹೇಳುತ್ತಾ ಮುಂದೆ. ಫ್ರೇಮಣ್ಣ ಹೂಂಗುಟ್ಟುತ್ತಾ ಹಿಂದೆ. ಹೂಂ ಕೇಳಿಸದೆ ಹೋದರೆ ಮಾವ ತಿರುಗದೆಯೇ ಕೇಳುತ್ತಿದ್ದರು:

"ಇದ್ದೀಯೇನೋ?"

"ಇದ್ದೀನಿ ಮಾವ."

ಅಷ್ಟು ಸಿಕ್ಕರೆ ರೈಲು ಮುಂದಕ್ಕೆ ಹೊರಡುತ್ತಿತ್ತು. ಫ್ರೇಮಣ್ಣನಿಗೆ ತಂದೆ ನೆನಪಿಲ್ಲ. ಯಾರೋ ಒಬ್ಬರು ತಿರುಗಿ ಕೂಡ ನೋಡದೆ ತಾನು ಇದ್ದೇನೆಂದು ನಂಬಿ ನಡೆಯುತ್ತಾರೆ ಎಂಬುದು ಅವನಿಗೆ ದೊಡ್ಡ ವಿಷಯವಾಗಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಇನ್ನು ಹೋದ ವರ್ಷದ ಅನಾಹುತ. ಗುಂಪು ಬಂಡೆ ಬಿಟ್ಟು ಹೊರಟಿತ್ತು. ಮಾವ ಬೂಟಿನೊಳಗಿನ ಮರಳು ಕೊಡವಲು ಬಂಡೆಯ ಅಂಚಿನಲ್ಲಿ ಕೂತರು. ಅದೇ ಗಳಿಗೆಗೆ ಬೇಕರಿಯವನು ಕ್ಯಾಮೆರಾ ಎತ್ತಿ, "ಫ್ರೇಮಣ್ಣಾ, ನಿಲ್ಲು. ಕೊನೆಯ ಮನುಷ್ಯನದೊಂದು ಫೋಟೋ!" ಎಂದ. ಫ್ರೇಮಣ್ಣ ಬಂಡೆಗೆ ಬೆನ್ನು ಹಾಕಿ, ಸೊಂಟದ ಮೇಲೆ ಕೈಯಿಟ್ಟು, ಎದೆ ಸೆಟೆಸಿ ನಿಂತ. ಫೋಟೋ ಆಯಿತು. ಅದೇ ಎದೆಯಲ್ಲಿ ಅವನು ದಂಡೆಯವರೆಗೂ ನಡೆದ. ಬಂಡೆಯ ಮೇಲೆ ಮಾವ ಲೇಸು ಕಟ್ಟುತ್ತಾ, "ಇದ್ದೀಯೇನೋ?" ಎಂದು ಕೇಳಿದರು. ಉತ್ತರ ಬರಲಿಲ್ಲ. ಅವರನ್ನು ಒಬ್ಬ ದೋಣಿಯವನು ಕರೆತಂದಾಗ ಎದೆಯವರೆಗೂ ಒದ್ದೆಯಾಗಿದ್ದರು, ಬೂಟು ಕೈಯಲ್ಲಿತ್ತು.

ಅಲ್ಲಿಗೆ ಮುಗಿದಿದ್ದರೆ ಕಾಲ ಕಳೆದಂತೆ ಮರೆತುಹೋಗುತ್ತಿತ್ತೇನೋ. ಆದರೆ ಫ್ರೇಮಣ್ಣನದು ಚಿತ್ರದ ಮುಂಭಾಗಕ್ಕೆ ಗಾಜು ಹಾಕಿ ಹಿಂಭಾಗಕ್ಕೆ ರಟ್ಟು ಹೊಡೆದು ಮುಗಿಸುವ ವೃತ್ತಿ. ಫೋಟೋ ಕೈಗೆ ಬಂದಾಗ ಅವನು ತನ್ನ ಎದೆಯನ್ನಷ್ಟೇ ನೋಡಿ, ಚಿನ್ನದ ಬಣ್ಣದ ಪಟ್ಟಿಯ ಚೌಕಟ್ಟು ಹಾಕಿ, ಅಂಗಡಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಕಡೆ ತೂಗುಹಾಕಿದ. ಮಗಳ ಶಾಲೆಯ ಪ್ರಶಸ್ತಿಪತ್ರಕ್ಕೆ ಚೌಕಟ್ಟು ಹಾಕಿಸಲು ಬಂದ ಹೊಲಿಗೆಯವಳು ಅದನ್ನು ಬಹಳ ಹೊತ್ತು ನೋಡಿದಳು.

"ಚೆನ್ನಾಗಿ ಬಂದಿದ್ದೀರ," ಎಂದಳು. "ಹಿಂದೆ ದೂರದಲ್ಲಿ, ಬಂಡೆ ಮೇಲೆ, ಬೂಟು ಬಿಚ್ತಾ ಕೂತಿರೋದು ಯಾರು?"

ಸಂಜೆಯೊಳಗೆ ಇಡೀ ಬೀದಿ ಬಂದು ನೋಡಿಕೊಂಡು ಹೋಯಿತು. ಕೊನೆಗೆ ಮಗಳ ಜೊತೆ ಮಾವನೂ ಬಂದರು. ಕನ್ನಡಕ ಹಾಕಿಕೊಂಡು ನೋಡಿದರು. ಅಳಿಯ ಪಕ್ಕದಲ್ಲೇ ನಿಂತಿದ್ದರೂ ಮಗಳ ಕಡೆ ತಿರುಗಿ ಹೇಳಿದರು: "ಇದನ್ನ ಮನೆಗೆ ತರೋಕೆ ಹೇಳು. ಗಾಜು ಬದಲಾಯಿಸೋಕೆ ಹೇಳು. ಇದು ಹೊಳೆಯುತ್ತೆ. ಹೊಳೆದ್ರೆ ನಾನು ಕಾಣಲ್ಲ."

ಹೊಳೆಯದ ಗಾಜನ್ನು ಫ್ರೇಮಣ್ಣ ತನ್ನ ಕೈಯಾರೆ ಕೂಡಿಸಿದ. ಚಿತ್ರ ಊಟದ ಮೇಜಿನ ಎದುರಿಗೆ, ಅವನ ಕುರ್ಚಿಗೆ ನೇರವಾಗಿ ಏರಿತು. ಅಂದಿನಿಂದ ಮಾವ ಅಳಿಯನೊಂದಿಗೆ ಮಾತು ಬಿಟ್ಟರು. ಹೇಳುವುದಿದ್ದರೆ ಮಗಳ ಮೂಲಕ, ಅದೂ ಬಹುವಚನದಲ್ಲಿ: "ಅಳಿಯಂದಿರಿಗೆ ಇನ್ನೊಂದು ಲೋಟ ನೀರು ಬೇಕಾ ಕೇಳು." ಅದಕ್ಕಿಂತ ದೊಡ್ಡ ಶಿಕ್ಷೆ ಬೀದಿಯಲ್ಲಿ ಸಿಕ್ಕಿತು. ಮಾವ ಇನ್ನು ಅವನ ಮುಂದೆ ನಡೆಯಲಿಲ್ಲ. ಮೂವರೂ ಹೊರಟರೆ ಬಾಗಿಲಲ್ಲೇ ನಿಂತು, "ಅಳಿಯಂದಿರು ಮೊದಲು. ನನ್ನ ಕಣ್ಣಿಗೆ ಕಾಣೋ ಹಾಗಿರ್ಲಿ," ಎನ್ನುತ್ತಿದ್ದರು. ಫ್ರೇಮಣ್ಣ ಮುಂದೆ ನಡೆಯುತ್ತಿದ್ದ. ಬೆನ್ನ ಮೇಲೆ ಮಾವನ ಕಣ್ಣು. ರೈಲಿನ ಕಥೆಯಿಲ್ಲ, ಹೂಂ ಇಲ್ಲ, ಏನೂ ಇಲ್ಲ.

ಅವನಿಗೆ ಬೇಕಾಗಿದ್ದದ್ದು ಒಂದೇ. ಮಾವ ಇನ್ನೊಮ್ಮೆ ತನ್ನ ಮುಂದೆ ನಡೆಯಬೇಕು. ಅದಕ್ಕೆ ಕಿತ್ತಳೆ ಜಾಕೆಟ್ ಬಿಟ್ಟರೆ ಬೇರೆ ದಾರಿಯಿಲ್ಲ ಎಂದು ಅವನು ತೀರ್ಮಾನಿಸಿದ್ದ. ಹೇಗೆ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.

ಸಮಿತಿಯ ಸಭೆ ಗ್ರಂಥಾಲಯದ ಓದುವ ಕೋಣೆಯಲ್ಲಿ ನಡೆಯುತ್ತಿದ್ದುದರಿಂದ ಅಲ್ಲಿನ ವಾದ ವಿವಾದವೆಲ್ಲ ಪಿಸುಮಾತಿನಲ್ಲಿ. ಅಧ್ಯಕ್ಷರು ಬಂದರಿನ ಕಚೇರಿಯಲ್ಲಿ ಮೊಹರು ಒತ್ತಿ ಒತ್ತಿ ನಿವೃತ್ತರಾದವರು. ಮಾತಿನ ಕೊನೆಗೆ ಈಗಲೂ ಮುಷ್ಟಿಯಿಂದ ಮೇಜು ಒತ್ತುತ್ತಿದ್ದರು.

"ಒಬ್ಬ ಹಿರಿಯರನ್ನ ಸಮುದ್ರದ ಮಧ್ಯೆ ಬಿಟ್ಟು ಬಂದವರಿಗೆ ಮತ್ತೆ ಜಾಕೆಟ್ ಕೊಡೋದಾ?" ಎಂದು ಪಿಸುಗುಟ್ಟಿ ಮೇಜು ಒತ್ತಿದರು.

"ಒಂದ್ಸಲ ಬಿಟ್ಟು ಬಂದವನು ಇನ್ನು ಬಿಡಲ್ಲ," ಎಂದರು ಟೀಚರ್. "ಅಲ್ಲದೆ ಬೇರೆ ಯಾರು ಬರ್ತಾರೆ ಹೇಳಿ? ಕೊನೆಗೆ ನಿಂತ್ರೆ ನಾನು ಹೇಳೋದು ಕೇಳಿಸಲ್ಲ ಅಂತ ಯಾರೂ ಒಪ್ಪಲ್ಲ."

ಟೀಚರ್ ಹಾಗೆ ನಂಬಿದ್ದರು. ಅದನ್ನು ಅಲ್ಲಗಳೆಯುವ ಧೈರ್ಯ ಯಾರಿಗೂ ಬರಲಿಲ್ಲ.

"ಸರಿ, ಇನ್ನೊಮ್ಮೆ," ಎಂದರು ಅಧ್ಯಕ್ಷರು. "ಈ ಸಲ ಒಬ್ಬರು ಹಿಂದೆ ಉಳಿದ್ರೂ ಜಾಕೆಟ್ ಶಾಶ್ವತವಾಗಿ ವಾಪಸ್. ನಿರ್ಣಯ." ಮೇಜು ಒತ್ತಿದರು. ಹಲಗೆಯ ಮೇಲಿನ "ಇನ್ನೊಮ್ಮೆ" ಬಂದದ್ದು ಹೀಗೆ.

ಅಂದು ರಾತ್ರಿ ಊಟಕ್ಕೆ ಕೂತಾಗ ಮಾವ ಮಗಳಿಗೆ ಹೇಳಿದರು: "ಅಳಿಯಂದಿರಿಗೆ ಹೇಳು, ಬಂಡೆಯ ನಡಿಗೆಗೆ ನಾನೂ ಬರ್ತೀನಿ."

ಫ್ರೇಮಣ್ಣನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಎದುರಿನ ಚಿತ್ರದಲ್ಲಿ ಅವನ ಎದೆ ಇನ್ನೂ ಸೆಟೆದೇ ಇತ್ತು.

ನಡಿಗೆಯ ದಿನ ಕಡಲು ಹೇಳಿದ ಮಾತು ಕೇಳುವಂತೆ ಹಿಂದೆ ಸರಿದಿತ್ತು. ಅಧ್ಯಕ್ಷರು ಮಂಡಿನೋವಿನಿಂದ ದಂಡೆಯ ಕುರ್ಚಿಯಲ್ಲೇ ಉಳಿದು, ಎಲ್ಲರೂ ಮರಳಿ ಬಂದ ಮೇಲೆ ಮಾಡಬೇಕಾದ ವಂದನಾರ್ಪಣೆಯನ್ನು ಬಾಯಿಪಾಠ ಮಾಡುತ್ತಿದ್ದರು. ಟೀಚರ್ ಬಿಳಿ ಕೊಡೆ ಹಿಡಿದು ಮುಂದೆ ಹೊರಟರು. ಜನ ಒಬ್ಬೊಬ್ಬರಾಗಿ ಸಾಗಿದರು. ಫ್ರೇಮಣ್ಣ ಪಕ್ಕಕ್ಕೆ ಸರಿದು ಎಲ್ಲರನ್ನೂ ಮುಂದೆ ಬಿಟ್ಟ. ಅವನ ಪಕ್ಕದಲ್ಲಿ ಮಾವನೂ ಸರಿದು ನಿಂತರು. ನಡುವೆ ಹೆಂಡತಿ.

"ಮಾವ, ನೀವು ಮುಂದೆ ಹೊರಡಿ," ಎಂದ ಫ್ರೇಮಣ್ಣ.

"ಅಳಿಯಂದಿರು ಮೊದಲು," ಎಂದರು ಮಾವ ಮಗಳಿಗೆ.

"ರೀ, ನೀವು ಮೊದಲಂತೆ."

"ನನ್ನ ಹಿಂದೆ ಯಾರೂ ಇರೋ ಹಾಗಿಲ್ಲ. ನಿಯಮ ಇದೆ ಅಂತ ಹೇಳು."

"ಅಪ್ಪಾ, ನಿಯಮ ಇದೆಯಂತೆ."

"ಕೊನೆಯವನ ನಿಯಮ ನನಗೆ ಹೇಳಿಕೊಡ್ತಾರಾ? ರೈಲಲ್ಲಿ ನನ್ನ ಹಿಂದೆ ಒಬ್ಬ ಕೂಡ ಇರಲಿಲ್ಲ. ಹಳಿ ಮಾತ್ರ ಇರ್ತಿತ್ತು. ಒಬ್ಬ ಪ್ರಯಾಣಿಕನನ್ನಾದ್ರೂ ಬಿಟ್ಟು ಬಂದಿದ್ದೀನಾ ಕೇಳು!"

"ರೀ, ಒಬ್ಬನನ್ನಾದ್ರೂ..." ಎಂದು ಶುರುಮಾಡಿದ ಹೆಂಡತಿ ಅಲ್ಲಿಗೇ ನಿಲ್ಲಿಸಿದಳು. ಒಂದು ವರ್ಷದಿಂದ ಒಂದು ಮಾರು ದೂರದಲ್ಲಿರುವ ಇಬ್ಬರ ನಡುವೆ ಮಾತು ಸಾಗಿಸಿ ಅವಳಿಗೆ ಸಾಕಾಗಿತ್ತು. "ನನಗೆ ಏಡಿ ನೋಡಬೇಕು," ಎಂದು ಸೆರಗು ಸಿಕ್ಕಿಸಿಕೊಂಡು ಹೊರಟೇಹೋದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತರು. ಗುಂಪು ದೂರವಾಗುತ್ತಿತ್ತು. ಕೊನೆಗೆ ಫ್ರೇಮಣ್ಣನೇ ಒಂದು ಉಪಾಯ ಕಂಡುಕೊಂಡ. ಮಾವನಿಗೆ ಎದುರಾಗಿ ನಿಂತು, ಹಿಂದುಹಿಂದಕ್ಕೆ ಹೆಜ್ಜೆಯಿಡತೊಡಗಿದ. ಹೀಗೆ ಮಾವ ತಾವು ಬಯಸಿದಂತೆ ಅವನ ಹಿಂದೆಯೂ ಇದ್ದಂತಾಯಿತು, ನಿಯಮದಂತೆ ಅವನ ಕಣ್ಣೆದುರಿಗೂ ಇದ್ದಂತಾಯಿತು. ಸಮಿತಿಯ ನಿಯಮಕ್ಕೆ ಇದಕ್ಕಿಂತ ಹೆಚ್ಚಿನ ಗೌರವವನ್ನು ಯಾರೂ ತೋರಿಸಿರಲಾರರು. ಮಾವ ಗಂಭೀರವಾಗಿ ಮುಂದುಮುಂದಕ್ಕೆ, ಅಳಿಯ ಅಷ್ಟೇ ಗಂಭೀರವಾಗಿ ಹಿಂದುಹಿಂದಕ್ಕೆ, ಕಣ್ಣಲ್ಲಿ ಕಣ್ಣಿಟ್ಟು ಸಮುದ್ರದೊಳಕ್ಕೆ ನಡೆದರು.

ಟೀಚರ್ ಸನ್ಯಾಸಿ ಏಡಿಯ ಬಗ್ಗೆ ಹೇಳುತ್ತಿದ್ದರು. ಬೇರೆಯವರು ಬಿಟ್ಟುಹೋದ ಚಿಪ್ಪಿನಲ್ಲಿ ಅದು ಹೇಗೆ ಸಂಸಾರ ಹೂಡುತ್ತದೆ ಎಂದು ವಿವರಿಸಿ ತಿರುಗಿ ನೋಡಿದರೆ ಒಬ್ಬರೂ ಏಡಿಯ ಕಡೆ ನೋಡುತ್ತಿಲ್ಲ. ಎಲ್ಲರ ಮುಖವೂ ಹಿಂದಕ್ಕೆ.

"ಇದು ಯಾವ ವ್ಯಾಯಾಮ?" ಎಂದಳು ಹೊಲಿಗೆಯವಳು.

"ಫ್ರೇಮಣ್ಣಾ, ಹಿಂದೆ ಗುಂಡಿ!" ಎಂದು ಬೇಕರಿಯವನು ಕೂಗಿದ. ಆದರೆ ಕೊನೆಯ ಮನುಷ್ಯನಾದವನು ಯಾರ ಮಾತಿಗೂ ದೃಷ್ಟಿ ಬದಲಿಸುವಂತಿಲ್ಲ. ಫ್ರೇಮಣ್ಣ ಸೊಂಟದವರೆಗೆ ನೀರಿಗೆ ಬಿದ್ದ. ಮಾವ ಕೈ ಚಾಚಲಿಲ್ಲ, ಆದರೆ ಅವನು ಎದ್ದು ನಿಲ್ಲುವವರೆಗೂ ಅಲ್ಲಿಂದ ಅಲುಗಲೂ ಇಲ್ಲ.

ಹೀಗೆ ಬಂಡೆ ತಲುಪಿದರು. ಟೀಚರ್ ಹೇಳಬೇಕಾದ್ದನ್ನು ಹೇಳಿದರು. ಬೆಸ್ತರ ದೋಣಿಗಳು ತಿರುಗುವ ದಿಕ್ಕು ನೋಡಿ, "ನೀರು ತಿರುಗ್ತಿದೆ, ಹೊರಡೋಣ," ಎಂದರು. ಬೇಕರಿಯವನನ್ನು ಮುಂದೆ ಬಿಟ್ಟು ಜನರನ್ನು ಸಾಲಾಗಿ ಕಳಿಸಿದರು. ಬಂಡೆಯ ಮೇಲೆ ಮಾವ ಮತ್ತು ಅಳಿಯ ಇಬ್ಬರೇ ಉಳಿದರು.

"ಮಾವ, ದಮ್ಮಯ್ಯ, ನೀವು ಇಳೀರಿ."

ಮಾವ ಮಗಳು ಇಲ್ಲದ್ದರಿಂದ ಸಮುದ್ರಕ್ಕೆ ಹೇಳಿದರು: "ಅಳಿಯಂದಿರು ಮೊದಲು. ನಾನು ಈ ಜಾಗದಿಂದ ಮೊದಲು ಇಳಿದು ಬೆನ್ನು ತೋರಿಸಲ್ಲ. ಇಲ್ಲಿ ಕೂತು ಕೂಗಿದವನು ನಾನು."

 ಹೋದ ವರ್ಷ ಮಾವ ಕೂಗಿದ್ದರು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ನೀರು ಬಂದು ಬಂಡೆಯ ಬುಡ ಮುಟ್ಟಿತು.

ಟೀಚರ್ ಕೊಡೆ ಕುಟ್ಟುತ್ತಾ ಬಂದರು. "ಏನು ನಡೀತಿದೆ ಇಲ್ಲಿ? ಇಬ್ಬರೂ ನನ್ನ ಕ್ಲಾಸಲ್ಲಿದ್ದಿದ್ರೆ ಹೊರಗೆ ನಿಲ್ಲಿಸ್ತಿದ್ದೆ. ಈಗಾಗ್ಲೇ ಹೊರಗೆ ಇದ್ದೀರ, ಏನು ಮಾಡ್ಲಿ? ಯಾರಾದ್ರೂ ಒಬ್ರು ಕೊನೆಯವರಾಗಿ!"

ಫ್ರೇಮಣ್ಣ ಏರುತ್ತಿದ್ದ ನೀರನ್ನು ನೋಡಿದ. ಆಮೇಲೆ ಕೊರಳಿಂದ ಸೀಟಿ ತೆಗೆದ. ಒದ್ದೆ ಜಾಕೆಟ್ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಮಾವನ ಮುಂದೆ ಚಾಚಿದ. "ನೀವೇ ಹಾಕ್ಕೊಳ್ಳಿ ಮಾವ. ಇದು ನನಗೆ ಒಗ್ಗೋ ಕೆಲಸ ಅಲ್ಲ. ನಾನು ಮುಂದೆ ಹೋಗ್ತೀನಿ."  ಒಂದು ವರ್ಷ ಕಾದದ್ದನ್ನು ಅವನು ತನ್ನ ಕೈಯಿಂದಲೇ ಕೊಟ್ಟುಬಿಟ್ಟಿದ್ದ.

ಮಾವ ಜಾಕೆಟ್ ತೊಟ್ಟರು. ಸೀಟಿಯನ್ನು ಅಂಗಿಯಲ್ಲಿ ಒರೆಸಿ ಕೊರಳಿಗೆ ಹಾಕಿಕೊಂಡರು. ನಿವೃತ್ತಿಯ ನಂತರ ಬಾಗಿದ್ದ ಬೆನ್ನು ತಾನಾಗಿ ನೆಟ್ಟಗಾಯಿತು.

"ದೇವರು ದೊಡ್ಡವನು," ಎಂದರು ಟೀಚರ್. "ಹೊರಡಿ. ನಾನು ಬಂಡೆ ಸುತ್ತಿಕೊಂಡು ಬಂದು ಸಾಲಿನ ಮುಂದೆ ಸೇರ್ಕೋತೀನಿ."

ಹಿಂದಿರುಗುವ ದಾರಿಯಲ್ಲಿ ಮಾವ ಬಹಳ ಕಟ್ಟುನಿಟ್ಟಾಗಿದ್ದರು. ಯಾರಾದರೂ ಚಿಪ್ಪಿಗೆ ಬಗ್ಗಿದರೆ ಸೀಟಿ. ಫ್ರೇಮಣ್ಣ ಎಡಕ್ಕೆ ವಾಲಿದರೆ ಸೀಟಿ, ಬಲಕ್ಕೆ ವಾಲಿದರೆ ಎರಡು ಸೀಟಿ. ಅವರ ಕಣ್ಣು ಅಳಿಯನ ಹಿಮ್ಮಡಿ ಬಿಟ್ಟು ಕದಲಲಿಲ್ಲ. ವರ್ಷವಿಡೀ ಅದೇ ಅಭ್ಯಾಸ. ದಾರಿಯ ಮಧ್ಯೆ ಬೇಕರಿಯವನು ಸಾಲಿನ ಹಿಂದಕ್ಕೆ ಬಂದು ಕ್ಯಾಮೆರಾ ಎತ್ತಿ, "ಗಾರ್ಡ್ ಸಾಹೇಬ್ರೇ, ಒಂದು ಫೋಟೋ!" ಎಂದ. ಮಾವ ನಿಂತರು. ಸೀಟಿಯನ್ನು ತುಟಿಗಿಟ್ಟು, ಎದೆ ಮುಂದೆ ಮಾಡಿ, ಬಂಡೆಗೆ ಬೆನ್ನು ಹಾಕಿ ನಿಂತರು.

ದಂಡೆಯಲ್ಲಿ ಅಧ್ಯಕ್ಷರು ಕುರ್ಚಿಯಿಂದ ಎದ್ದು ಕಾಯುತ್ತಿದ್ದರು. ಅಷ್ಟು ಹೊತ್ತಿಗೆ ಮರಳಿನ ದಾರಿಯ ಮೇಲೆ ನೀರು ಮುಚ್ಚಿಕೊಂಡಿತ್ತು.

"ಎಲ್ಲರೂ ಕ್ಷೇಮವಾಗಿ ಮರಳಿದ್ದೀರಿ," ಎಂದು ಅವರು ಶುರುಮಾಡಿದರು. "ಇದು ಇತಿಹಾಸದಲ್ಲಿ ದಾಖಲಾಗುವ ದಿನ. ಈಗ ನಮ್ಮ ಟೀಚರ್ ಎರಡು ಮಾತಾಡಬೇಕೆಂದು ಕೇಳಿಕೊಳ್ಳುತ್ತೇನೆ. ಜೋರಾದ ಚಪ್ಪಾಳೆ!"

ಜನ ಚಪ್ಪಾಳೆ ತಟ್ಟಿದರು. ಟೀಚರ್ ಬರಲಿಲ್ಲ. ಸಾಲದೇನೋ ಎಂದುಕೊಂಡು ಇನ್ನೂ ಜೋರಾಗಿ ತಟ್ಟಿದರು. ಮುಂದಿದ್ದವರು ಟೀಚರ್ ಹಿಂದಿದ್ದಾರೆ ಎಂದುಕೊಂಡಿದ್ದರು, ಹಿಂದಿದ್ದವರು ಮುಂದಿದ್ದಾರೆ ಎಂದುಕೊಂಡಿದ್ದರು. ಚಪ್ಪಾಳೆ ಒಂದೊಂದೇ ಕೈಯಿಂದ ಉದುರಿ, ಕೊನೆಗೆ ಅಧ್ಯಕ್ಷರು ಒಬ್ಬರೇ ತಟ್ಟುತ್ತಿದ್ದರು. ಎಲ್ಲರೂ ನಿಧಾನವಾಗಿ ಸಮುದ್ರದ ಕಡೆ ತಿರುಗಿದರು. ದೂರದಲ್ಲಿ, ಸುತ್ತಲೂ ನೀರಿದ್ದ ಬಂಡೆಯ ಮೇಲೆ, ಒಂದು ಬಿಳಿ ಕೊಡೆ.

ಮಾವನ ಮುಖದಲ್ಲಿ ರಕ್ತ ಉಳಿಯಲಿಲ್ಲ. ಮೈಮೇಲೆ ಕೆಂಡ ಬಿದ್ದವರಂತೆ ಜಾಕೆಟ್ ಕಿತ್ತೆಸೆದರು. "ನನ್ನ ಹಿಂದೆ... ನನ್ನ ಹಿಂದೆ ಯಾವತ್ತೂ ಯಾರೂ..." ಎಂದು ತೊದಲಿದರು.  ಫ್ರೇಮಣ್ಣ ಅವರನ್ನು ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿದ. ದೂರಕ್ಕೆ ಕಾಣಲಿ ಎಂದು ಜಾಕೆಟ್ಟನ್ನು ತಾನು ತೊಟ್ಟು, ದೋಣಿಯವನ ಕಡೆ ಓಡಿದ.

ದೋಣಿಯವನು ಬಲೆ ಹೆಣೆಯುತ್ತಾ ಕೂತಿದ್ದ. ಕಿತ್ತಳೆ ಬಣ್ಣ ಕಂಡು ಎದ್ದ. "ಮತ್ತೆ ನಿಮ್ಮ ಮಾವನಾ?"

"ಇಲ್ಲ, ಟೀಚರ್!"

"ಪರವಾಗಿಲ್ಲ," ಎಂದು ದೋಣಿ ತಳ್ಳಿದ. "ಮಾವ ಭಾರ ಇದ್ರು."

ಅವರು ಬಂಡೆ ಮುಟ್ಟಿದಾಗ ಟೀಚರ್ ಮಂಡಿಯವರೆಗೆ ನೀರಿನಲ್ಲಿ ನಿಂತು, ಸಂದಿಯೊಳಗೆ ಬಗ್ಗಿ ಮಾತಾಡುತ್ತಲೇ ಇದ್ದರು. "ಇದು ಚಿಪ್ಪಿಲ್ಲದ ಬಸವನಹುಳು. ಈ ನೀಲಿ ಅಂಚು ಗಮನಿಸಿ. ಇದನ್ನ ನೋಡೋಕೆ ನಾನು ಎಷ್ಟು ವರ್ಷದಿಂದ ಕಾದಿದ್ದೆ. ಹಿಂದಿನವರಿಗೂ ಕಾಣಿಸ್ತಾ?" ಎಂದು ತಲೆಯೆತ್ತಿದರು. ಸುತ್ತ ನೋಡಿದರು. ಕೊಡೆ ಮಡಿಸಿದರು.

ದೋಣಿ ಅರ್ಧ ದಾರಿ ಬಂದಾಗ ಅವರು ಬಂಡೆಯ ಕಡೆ ತಿರುಗಿ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಒಬ್ಬರೂ ಇರಲಿಲ್ವಾ?" ಎಂದರು.

"ನಾನು ನೋಡಿದೆ ಟೀಚರ್," ಎಂದ ಫ್ರೇಮಣ್ಣ. "ನೀಲಿ ಅಂಚು. ಚೆನ್ನಾಗಿತ್ತು."

ದಂಡೆಯಲ್ಲಿ ಅಧ್ಯಕ್ಷರು ಸ್ಥಳದಲ್ಲೇ ತುರ್ತು ಸಭೆ ಕರೆದಿದ್ದರು. ಮೊದಲು ವಂದನಾರ್ಪಣೆಯ, ಆಮೇಲೆ ಬಿಳಿ ಕೊಡೆಯ ಗುಂಗಿನಲ್ಲಿದ್ದ ಅವರು ಜಾಕೆಟ್ ಕೈ ಬದಲಾದದ್ದನ್ನು ಗಮನಿಸಿರಲೇ ಇಲ್ಲ. ಟೀಚರ್ ಇಳಿದ ಕೂಡಲೇ ಅವರು ಫ್ರೇಮಣ್ಣನ ಜಾಕೆಟ್ಟಿನ ಕಡೆ ಬೆರಳು ಮಾಡಿದರು.

"ಕೊನೆಯ ಮನುಷ್ಯ ಯಾರು?"

ಫ್ರೇಮಣ್ಣ ಕುರ್ಚಿಯ ಕಡೆ ನೋಡಿದ. ಮಾವ ಅಲ್ಲಿ ಬಹಳ ಸಣ್ಣವರಾಗಿ ಕೂತಿದ್ದರು. ರೈಲಿನ ಎಷ್ಟೋ ಕಥೆಗಳು, ಒಬ್ಬನನ್ನೂ ಬಿಟ್ಟು ಬರದ ಜೀವಮಾನ, ಎಲ್ಲವೂ ಆ ಕುರ್ಚಿಯಲ್ಲಿತ್ತು.

"ನಾನೇ," ಎಂದ ಫ್ರೇಮಣ್ಣ.

"ಎರಡನೇ ಬಾರಿ! ಮೊದಲು ಹಿರಿಯರು, ಈಗ ವಿದ್ಯೆ ಕಲಿಸಿದ ಗುರು! ಇಂಥ ಬೇಜವಾಬ್ದಾರಿ ಮನುಷ್ಯ ಈ ದಂಡೆಯಲ್ಲಿ ಹುಟ್ಟಿಲ್ಲ, ಹುಟ್ಟೋದೂ ಇಲ್ಲ!" ಮೇಜು ಇಲ್ಲದ್ದರಿಂದ ಅಧ್ಯಕ್ಷರು ಗಾಳಿಯನ್ನು ಒತ್ತಿದರು. "ಜಾಕೆಟ್ ಶಾಶ್ವತವಾಗಿ..."

ಸೀಟಿ ಕೇಳಿಸಿತು. ಉದ್ದನೆಯದು, ರೈಲನ್ನೇ ನಿಲ್ಲಿಸುವಂಥದ್ದು. ಅಧ್ಯಕ್ಷರ ಬಾಯಿ ತೆರೆದಂತೆಯೇ ನಿಂತಿತು.

ಮಾವ ಎದ್ದು ನಿಂತಿದ್ದರು. ಸೀಟಿ ಅವರ ಕೊರಳಲ್ಲೇ ಇತ್ತು. ಅದನ್ನು ಕೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದರು. "ಜಾಕೆಟ್ ನೋಡಬೇಡಿ, ಇದನ್ನ ನೋಡಿ. ಕೊನೆಯವನು ನಾನು. ಬಿಟ್ಟು ಬಂದವನು ನಾನು. ಅವನು ಸುಳ್ಳು ಹೇಳ್ತಿದ್ದಾನೆ."

 ಬೇಕರಿಯವನು ಕ್ಯಾಮೆರಾದ ಪರದೆ ನೋಡಿ, ಅಯ್ಯೋ ಎಂದು ನಾಲಿಗೆ ಕಚ್ಚಿಕೊಂಡು, ಅದನ್ನು ತಂದು ಮಾವನ ಮುಂದೆ ಹಿಡಿದ. ಮಾವ ಕನ್ನಡಕ ಹಾಕಿಕೊಂಡರು. ಕಿತ್ತಳೆ ಜಾಕೆಟ್, ತುಟಿಯ ಮೇಲೆ ಸೀಟಿ, ಸೆಟೆದ ಎದೆ. ಹಿಂದೆ ದೂರದಲ್ಲಿ, ಬಂಡೆಯ ಮೇಲೆ, ಅಕ್ಕಿಕಾಳಿನಷ್ಟು ಬಿಳಿ ಕೊಡೆ. ಅವರು ಬಹಳ ಹೊತ್ತು ನೋಡಿದರು.

"ಇಷ್ಟು ಸುಲಭವಾ?" ಎಂದರು. ಒಂದು ವರ್ಷದ ನಂತರ ನೇರವಾಗಿ ಅಳಿಯನನ್ನೇ ಕೇಳಿದರು. "ಒಬ್ಬರನ್ನ ಬಿಟ್ಟು ಬರೋದು ಇಷ್ಟು ಸುಲಭವಾ?"

"ಹೌದು ಮಾವ," ಎಂದ ಫ್ರೇಮಣ್ಣ. "ಗೊತ್ತೇ ಆಗಲ್ಲ."

ಮಾವ ಕ್ಯಾಮೆರಾ ವಾಪಸ್ ಕೊಟ್ಟರು. "ಇದಕ್ಕೂ ಒಂದು ಚೌಕಟ್ಟು ಹಾಕು. ಹೊಳೆಯದ ಗಾಜು. ನಿನ್ನದರ ಪಕ್ಕದಲ್ಲೇ ಇರ್ಲಿ."

ಅಧ್ಯಕ್ಷರಿಗೆ ಏನಾದರೊಂದು ನಿರ್ಣಯ ಮಾಡದೆ ಸಭೆ ಮುಗಿಸುವಂತಿರಲಿಲ್ಲ. ಮುಂದಿನ ವರ್ಷದಿಂದ ಕೊನೆಯ ಮನುಷ್ಯನ ಹಿಂದೆ ಒಬ್ಬ ಉಪ ಕೊನೆಯ ಮನುಷ್ಯ ಇರತಕ್ಕದ್ದು, ಅವನ ಹಿಂದೆ ಯಾರಿರಬೇಕೆಂಬುದನ್ನು ಉಪಸಮಿತಿ ತೀರ್ಮಾನಿಸತಕ್ಕದ್ದು ಎಂದು ಘೋಷಿಸಿದರು. ಟೀಚರ್ ಮಾತ್ರ ಯಾರ ಮೇಲೂ ಸಿಟ್ಟಾಗದೆ, ನೀಲಿ ಅಂಚಿನ ಬಗ್ಗೆ ಒಂದು ಉಪನ್ಯಾಸವನ್ನು ಹಲಗೆಯ ಮೇಲೆ ಸೇರಿಸಬೇಕೆಂದು ಕೇಳಿದರು. ಈ ಸಲ ಎಲ್ಲರೂ ಬರುತ್ತೇವೆಂದರು.

ಮನೆಗೆ ಹೊರಡುವ ಹೊತ್ತಾಯಿತು. ಹೆಂಡತಿ ಹೊಲಿಗೆಯವಳ ಜೊತೆ ಮುಂದೆ ಹೋಗಿಬಿಟ್ಟಿದ್ದಳು. ದಂಡೆಯಿಂದ ಬೀದಿಗೆ ಹತ್ತುವ ಮೆಟ್ಟಿಲ ಬಳಿ ಫ್ರೇಮಣ್ಣ ಅಭ್ಯಾಸದಂತೆ ಮುಂದೆ ಹೆಜ್ಜೆಯಿಡಲು ಹೋದ. ಮಾವನ ಕೈ ಅವನ ತೋಳನ್ನು ತಡೆಯಿತು. ಅವನು ನಿಂತ.

ಮಾವ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅವನನ್ನು ದಾಟಿ, ಮೆಟ್ಟಿಲು ಹತ್ತಿದರು. ಗ್ರಂಥಾಲಯದ ಹಲಗೆಯನ್ನು ದಾಟಿ ಬೀದಿ ಹಿಡಿದರು. ಒಮ್ಮೆಯೂ ತಿರುಗಿ ನೋಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, ಎಲ್ಲೋ ನಿಂತುಹೋಗಿದ್ದ ಒಂದು ಹಳೆಯ ರೈಲಿನ ಕಥೆಯ ನಡುವಿನಿಂದಲೇ ಶುರುಮಾಡಿದರು. ಫ್ರೇಮಣ್ಣನಿಗೆ ಕಣ್ಣು ಮಂಜಾಗಿ ಹೂಂ ಅನ್ನಲಾಗಲಿಲ್ಲ.

ಮಾವ ಕಥೆ ನಿಲ್ಲಿಸಿದರು. ಹೆಜ್ಜೆ ನಿಲ್ಲಿಸಲಿಲ್ಲ.

"ಇದ್ದೀಯೇನೋ?"

"ಇದ್ದೀನಿ ಮಾವ."